ಶಿರಾ ದಾರಿಗೆ ನಲವತ್ತು ಮೈಲಿ ದಾರ

ಸರ್ಕಾರಿ ಕೆಲಸಕ್ಕೆ ಕೋಟು ಹಾಕಿಕೊಳ್ಳಲೇಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೂ ನಮ್ಮ ಪಕ್ಕದ ಮನೆಯ ರೇಣುಕಯ್ಯನವರು ಏಪ್ರಿಲ್ ತಿಂಗಳಲ್ಲಿ, ಅದೂ ಮಧುಗಿರಿಯ ಏಪ್ರಿಲ್ ತಿಂಗಳಲ್ಲಿ, ಕರಿಯ ಉಣ್ಣೆ ಕೋಟು ಹೊಲಿಸಿಕೊಂಡರು. ನಮ್ಮೂರ ಬೆಟ್ಟ ಒಂದೇ ಬಂಡೆ. ಬೆಳಗಿನಿಂದ ಕಾದು ಸಂಜೆಯವರೆಗೆ ಊರಿನ ಮೇಲೆ ಬಿಸಿಯುಸಿರು ಬಿಡುತ್ತದೆ. ಆ ಬಿಸಿಯಲ್ಲಿ ಉಣ್ಣೆ ಕೋಟು ತೊಟ್ಟವನ ತಲೆ ನೆಟ್ಟಗಿರುತ್ತದೆಂದು ನಾನು ನಂಬುವುದಿಲ್ಲ. ಶಿರಾ ಬಸ್ಸಿಗೆ ಬಂದ ಗಂಡಾಂತರಕ್ಕೆಲ್ಲ ಆ ಕೋಟೇ ಮೂಲವೆಂದು ಇವತ್ತಿಗೂ ಹೇಳುತ್ತೇನೆ.

ಇದು ನಡೆದದ್ದು ೧೯೬೨ರಲ್ಲಿ. ರೇಣುಕಯ್ಯನವರು ಆಗ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ಸ್ಕೂಲ್ ಮೇಷ್ಟ್ರು. ಬೇಸಿಗೆ ರಜ, ಕೈಗೆ ಕೆಲಸವಿಲ್ಲ, ಹೀಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಬಸ್ಸುಗಳ ವಿಷಯದಲ್ಲಿ ತಮಗೆ ತಿಳಿಯದ್ದು ಯಾವುದೂ ಇಲ್ಲವೆಂದು ರೇಣುಕಯ್ಯನವರಿಗೆ ಹೆಮ್ಮೆ. ಪಾವಗಡದ ಬಸ್ಸು ಆಂಧ್ರದ ನೆಲ ದಾಟಿ ಎಷ್ಟು ಹೊತ್ತಿಗೆ ನಮ್ಮೂರಿಗೆ ಬರುತ್ತದೆ, ಅದರ ಡ್ರೈವರು ಕೊರಟಗೆರೆಯಲ್ಲಿ ಎಷ್ಟು ಇಡ್ಲಿ ತಿನ್ನುತ್ತಾನೆ, ಎಲ್ಲ ಬಾಯಿಪಾಠ. ಅವರು ಮಾತ್ರ ಬಸ್ಸು ಹತ್ತುತ್ತಿದ್ದುದು ಅಪರೂಪ. ಹತ್ತಿದರೆ ತಲೆ ಸುತ್ತು ಬರುತ್ತಿತ್ತು.

ಇಂಥವರ ಕಚೇರಿಗೆ ಬೆಂಗಳೂರಿನಿಂದ ಶಂಕರಲಿಂಗಪ್ಪ ಎಂಬ ಅಧಿಕಾರಿ ಬಂದರು. ಜನ ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ಇರುವ ದಾರಿಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ, ಏಕೆ, ಎಂದು ಕಂಡುಹಿಡಿಯುವುದು ಅವರ ಕೆಲಸ. ಅವರ ವರದಿ ನೋಡಿ ಮೇಲಿನವರು ಯಾವ ದಾರಿಗೆ ಬಸ್ಸು ಹೆಚ್ಚಿಸಬೇಕು, ಯಾವ ಬಸ್ಸು ನಿಲ್ಲಿಸಬೇಕು ಎಂದು ತೀರ್ಮಾನಿಸುತ್ತಿದ್ದರು.

ಅವರ ಹತ್ತಿರ ಒಂದು ವಿಚಿತ್ರ ಸಾಮಾನಿತ್ತು. ಊಟದ ಮಣೆಯಷ್ಟು ದೊಡ್ಡ ಹಲಗೆ, ಅದರ ಮೇಲೆ ಸಡಿಲವಾಗಿ ಹರಡಿದ ದಾರದ ಬಲೆ. ಊರಿಗೊಂದು ಗಂಟು, ರಸ್ತೆಗೊಂದು ದಾರ, ಮೈಲಿಗೆ ಕಾಲು ಅಂಗುಲ. ಶಂಕರಲಿಂಗಪ್ಪನವರು ಮಧುಗಿರಿಯ ಗಂಟನ್ನು ಎಡಗೈಯಲ್ಲೂ ಶಿರಾದ ಗಂಟನ್ನು ಬಲಗೈಯಲ್ಲೂ ಹಿಡಿದು ಎಳೆದರು. ಎರಡೂರಿನ ನಡುವಿನ ಇಪ್ಪತ್ತೈದು ಮೈಲಿಯ ನೇರ ದಾರ ಟಣ್ ಎಂದು ಬಿಗಿಯಾಯಿತು. ಕೊರಟಗೆರೆಗೆ ಹೋಗಿ, ತುಮಕೂರು ಸುತ್ತಿ ಶಿರಾ ಸೇರುವ ಅರವತ್ತು ಮೈಲಿಯ ದಾರ ಕೆಳಗೆ ಜೋಲಾಡಿತು.

"ಇಷ್ಟೇ ಕಣ್ರೀ ರೇಣುಕಯ್ಯ ಶಾಸ್ತ್ರ," ಎಂದರು ಅಧಿಕಾರಿ. "ಮನುಷ್ಯ ಬಿಗಿಯಾದ ದಾರದ ಮೇಲೇ ಹೋಗ್ತಾನೆ. ಜೋಲೋ ದಾರದ ಮೇಲೆ ಹುಚ್ಚನೂ ಹೋಗೋದಿಲ್ಲ. ನೀವು ಮೂರು ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಜನರನ್ನ ಕೇಳಿ, ಲೆಕ್ಕ ಕೊಡಿ. ಹಲಗೆ ಹೇಳಿದ್ದೂ ಜನ ಮಾಡಿದ್ದೂ ತಾಳೆ ಆದರೆ ನಮ್ಮ ಕೆಲಸ ಮುಗೀತು."

ಹೀಗೆ ಹೇಳಿ, ಒಂದು ಕಟ್ಟು ಅಚ್ಚಾದ ನಮೂನೆಗಳನ್ನು ಕೊಟ್ಟು ಪಾವಗಡದ ಕಡೆ ಹೊರಟುಹೋದರು. ನಮೂನೆಯಲ್ಲಿ ಮೂರು ಪ್ರಶ್ನೆ. ತಾವು ಎಲ್ಲಿಗೆ ಹೋಗುತ್ತೀರಿ? ಯಾವ ಮಾರ್ಗವಾಗಿ? ಏಕೆ? ಕೆಳಗೆ ಸಣ್ಣಕ್ಷರದಲ್ಲಿ, ಬಸ್ಸು ಹತ್ತುವ ಮುನ್ನವೇ ಕೇಳತಕ್ಕದ್ದು, ಪ್ರಶ್ನೆಯ ಪದಗಳನ್ನು ಬದಲಿಸಕೂಡದು, ಹತ್ತುವ ಯಾರನ್ನೂ ಬಿಡಕೂಡದು ಎಂದಿತ್ತು. ರೇಣುಕಯ್ಯನವರು ಅದನ್ನು ಕಣ್ಣಿಗೊತ್ತಿಕೊಂಡು ನೇರ ದರ್ಜಿಯ ಹತ್ತಿರ ಹೋದರು.

ನಮ್ಮ ಕಡೆ ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳುವ ಹಾಗಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ತೀರ ತಿಳಿಯಲೇಬೇಕೆಂದಿದ್ದರೆ "ದೂರ ಹೊರಟ್ರೋ?" ಎನ್ನಬೇಕು. ಅವರು "ಇಲ್ಲೇ ಹಿಂಗೆ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾರಾದರೂ ಬಾಯಿತಪ್ಪಿ ಎಲ್ಲಿಗೆ ಎಂದುಬಿಟ್ಟರೆ ಹೊರಟವನು ಹಿಂದಕ್ಕೆ ಬಂದು ಕೂತು, ನೀರು ಕುಡಿದು, ಒಂದು ಗಳಿಗೆ ಬಿಟ್ಟು ಹೊಸದಾಗಿ ಹೊರಡಬೇಕು. ನಮ್ಮ ಬಸ್ಸುಗಳ ಕಂಡಕ್ಟರುಗಳು ಕೂಡ ಚಕ್ರ ಉರುಳಿದ ಮೇಲೆ ಕೈಚಾಚಿ "ಟಿಕೆಟ್" ಎನ್ನುತ್ತಿದ್ದರೇ ಹೊರತು ಎಲ್ಲಿಗೆಂದು ಕೇಳುತ್ತಿರಲಿಲ್ಲ. ಜನರೇ ಊರ ಹೆಸರು ಹೇಳುತ್ತಿದ್ದರು.

ಇದು ರೇಣುಕಯ್ಯನವರಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ನಾನೂ ಹಿಂದಿನ ಸಂಜೆ ಜಗಲಿಯ ಮೇಲೆ ಎಚ್ಚರಿಸಿದೆ.

"ಮೇಷ್ಟ್ರೇ, ಅದು ನಾವು ನೀವು ಬಾಯಲ್ಲಿ ಕೇಳಿದರೆ," ಎಂದರು ಅವರು, ಕೋಟಿನ ಗುಂಡಿ ಹಾಕಿ ನೋಡುತ್ತ. "ಅಚ್ಚಾದ ಕಾಗದ ಕೇಳಿದರೆ ಶಕುನ ಹತ್ತೋದಿಲ್ಲ. ಕೇಳೋದು ಸರ್ಕಾರ, ನಾನಲ್ಲ."

ರಜದಲ್ಲಿರುವ ಮೇಷ್ಟ್ರ ಮಾತು ಯಾರು ಕೇಳುತ್ತಾರೆ?

ಮಾರನೆ ದಿನ ಬೆಳಿಗ್ಗೆ ಒಂಬತ್ತಕ್ಕೆ ಶಿರಾ ಬಸ್ಸು ಹುಣಿಸೆ ಮರದ ಕೆಳಗೆ ನಿಂತಿತ್ತು. ಆ ದಾರಿಗೆ ಇದ್ದದ್ದು ಅದೊಂದೇ ಬಸ್ಸು. ಡ್ರೈವರ್ ಬಾಷಾ ಸಾಬ್ ಶಿರಾದವರು, ಹದಿನಾಲ್ಕು ವರ್ಷದಿಂದ ಅದೇ ದಾರಿಯಲ್ಲಿ ಓಡಿಸುತ್ತಿದ್ದವರು. ಹೊಲದ ಬದುವಿನಿಂದ ಯಾರು ಕೈ ಎತ್ತಿದರೂ ನಿಲ್ಲಿಸುತ್ತಿದ್ದರು. ಕೊರಟಗೆರೆಯ ಮೇಲೆ ತುಮಕೂರಿಗೆ ಹೋಗುವ ಬಸ್ಸು ಎದುರುಗಡೆ, ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಕೋಟು ಹಾಕಿದ ರೇಣುಕಯ್ಯನವರು ನೆರಳನ್ನೇ ಆರಿಸಿಕೊಂಡರು, ಅಂದರೆ ಶಿರಾ ಬಸ್ಸಿನ ಬಾಗಿಲನ್ನು. ಎದುರು ಬಸ್ಸಿನ ಲೆಕ್ಕವನ್ನು ಅದರ ಕಂಡಕ್ಟರನಿಂದ ಪಡೆದರಾಯಿತೆಂದು ಅವರ ಏರ್ಪಾಡು.

ಮೊದಲು ಬಂದವಳು ಮುನಿಯಮ್ಮ. ಊರಾಚೆಯ ಹಟ್ಟಿಯವಳು, ಶಿರಾದ ಮಿಠಾಯಿ ಅಂಗಡಿಗೆ ಬೆಣ್ಣೆ ಕೊಡುವವಳು. ತಲೆಯ ಮೇಲೆ ಬೆಣ್ಣೆ ಗಡಿಗೆ, ಒಂದು ಕಾಲು ಮೆಟ್ಟಿಲ ಮೇಲೆ.

"ತಾವು ಎಲ್ಲಿಗೆ ಹೋಗುತ್ತೀರಿ?" ಎಂದು ರೇಣುಕಯ್ಯನವರು ಗಟ್ಟಿಯಾಗಿ ಓದಿದರು.

"ಅಯ್ಯೋ ನನ್ನ ಶಿವನೆ!" ಮುನಿಯಮ್ಮ ಕಾಲು ಕೆಳಗಿಟ್ಟಳು. "ಕಾಲೆತ್ತೋ ಹೊತ್ನಾಗೆ ಇಂಗಾ ಸ್ವಾಮಿ ಕೇಳೋದು? ಮನ್ಷಾರಾ ನೀವು?"

ಹಾಗೆಂದು ಹೋಗಿ ಮರದ ಬುಡದಲ್ಲಿ ಕೂತಳು, ನೀರು ಕುಡಿದಳು, ಎಲೆಯಡಿಕೆ ಹಾಕಿಕೊಂಡಳು. ಹಿಂದೆ ಬಂದವರಿಗೂ ಅದೇ ಪ್ರಶ್ನೆ. ಅವರೂ ಹೋಗಿ ಕೂತರು. ಆಗಲೇ ಹತ್ತಿ ಕೂತಿದ್ದವರನ್ನು ಬಿಡಬಾರದೆಂದು ರೇಣುಕಯ್ಯನವರು ಕಿಟಕಿಯಿಂದ ಕೇಳಿದರು. ಅವರೂ ಇಳಿದರು. ಕಾಲು ಗಂಟೆಯಲ್ಲಿ ಬಸ್ಸು ಖಾಲಿ, ಮರದ ಕೆಳಗೆ ಮದುವೆ ಮನೆಯಷ್ಟು ಜನ.

"ನೋಡಿದ್ರಾ ಮೇಷ್ಟ್ರೇ," ರೇಣುಕಯ್ಯನವರು ನನ್ನ ಕಿವಿಯಲ್ಲಿ ಹೇಳಿದರು. "ಸರ್ಕಾರದ ಪ್ರಶ್ನೆ ಅಂದ್ರೆ ಎಷ್ಟು ಗೌರವ! ಬಸ್ಸಿಂದ ಇಳಿದು, ಕೂತು, ನೀರು ಕುಡಿದು, ಯೋಚನೆ ಮಾಡಿ ಉತ್ತರ ಕೊಡ್ತಾರೆ."

ಗಳಿಗೆ ಕಳೆಯಿತು. ಮುನಿಯಮ್ಮ ಎದ್ದು, ದೇವರನ್ನು ನೆನೆದು, ಗಡಿಗೆ ಹೊತ್ತು ಮತ್ತೆ ಮೆಟ್ಟಿಲ ಮೇಲೆ ಕಾಲಿಟ್ಟಳು. ಹತ್ತುವ ಯಾರನ್ನೂ ಬಿಡಕೂಡದು ಎಂದಿದೆಯಲ್ಲ?

"ತಾವು ಎಲ್ಲಿಗೆ ಹೋಗುತ್ತೀರಿ?"

ಮೂರು ಸಲ ಹತ್ತಿದಳು, ಮೂರು ಸಲ ಇಳಿದಳು. ಕುಡಿಯಲು ತಂದ ಚೊಂಬಿನ ನೀರೂ ಮುಗಿಯಿತು. ಬಾಷಾ ಸಾಬ್ ಹಾರನ್ ಒತ್ತಿ ಒತ್ತಿ ಅದರ ದನಿ ಕಟ್ಟಿಹೋಯಿತು.

"ಅರೆ ಸ್ವಾಮಿ, ಇವ್ರು ಹತ್ತೋ ಅಷ್ಟ್ರಲ್ಲಿ ಅವ್ರನ್ನ ಇಳಿಸ್ತೀರ, ಅವ್ರು ಹತ್ತೋ ಅಷ್ಟ್ರಲ್ಲಿ ಇವ್ರನ್ನ ಇಳಿಸ್ತೀರ! ಖುದಾ ಕಸಂ, ನಾನು ಇವತ್ತು ಶಿರಾ ನೋಡ್ತೀನೋ ಇಲ್ವೋ!"

"ಸರ್ಕಾರಿ ಕೆಲಸ ಬಾಷಾ ಸಾಬ್. ತಾಳ್ಮೆ ಇರಲಿ," ಎಂದು ರೇಣುಕಯ್ಯನವರು ಬೆವರು ಒರೆಸಿಕೊಂಡರು.

ಆಗ ಮುನಿಯಮ್ಮ ಸೀರೆಯ ಸೆರಗು ಕೊಡವಿ ಎದ್ದಳು. "ಏಳ್ರವ್ವ, ಇವಪ್ಪ ಇವತ್ತು ನಮ್ಮನ್ನ ಕಳ್ಸಾಕಿಲ್ಲ. ಅತ್ಲಾಗಿನ ಬಸ್ಸಿಗೆ ಹೋಗವ. ಸುತ್ತಾದ್ರೆ ಸುತ್ತಾಗ್ಲಿ, ಶಕುನವಾದ್ರೂ ನೆಟ್ಟಗಿರ್ತದೆ."

ಅವಳ ಹಿಂದೆ ಎಲ್ಲರೂ ಎದ್ದರು. ಇಪ್ಪತ್ತೈದು ಮೈಲಿ ದೂರದ ಶಿರಾಕ್ಕೆ ಹೋಗಬೇಕಾದವರು ಅರವತ್ತು ಮೈಲಿಯ ಬಸ್ಸು ಹತ್ತಿದರು. ರೇಣುಕಯ್ಯನವರು ಬೆರಗಾಗಿ ನೋಡಿದರು. ಎದುರಿನ ಕಂಡಕ್ಟರ್ ಬಂದು, ತನ್ನ ಬಸ್ಸಿನಲ್ಲಿ ಶಿರಾದ ಕಡೆಯವರು ನಲವತ್ತೊಂದು ಜನವೆಂದು ಬರೆಸಿ ಹೋದ. ಬಾಷಾ ಸಾಬ್ ಮೂವರನ್ನು ಕೂರಿಸಿಕೊಂಡು ಹೊರಟರು.

ಎರಡನೆಯ ದಿನ ಕರಿಕೋಟಿನ ಸುದ್ದಿ ಹಳ್ಳಿಗಳಿಗೆ ಹಬ್ಬಿತ್ತು. ಶಿರಾಕ್ಕೆ ಹೋಗುವವರು ಹಿಂದಿನ ಓಣಿಯಿಂದ ಬಂದು, ಮುಖಕ್ಕೆ ಟವೆಲ್ ಮುಚ್ಚಿ, ನೇರ ಎದುರು ಬಸ್ಸಿಗೆ ಹತ್ತಿದರು. ನಮ್ಮ ಸ್ಕೂಲಿನ ಹೆಡ್‌ಮಾಸ್ಟರು ಕೂಡ ಛತ್ರಿ ಅಡ್ಡ ಹಿಡಿದು ಓಡಿದ್ದನ್ನು ನಾನು ಕಂಡೆ. ಮೂರನೆಯ ದಿನ ನಮ್ಮೂರಲ್ಲಿ ಶಿರಾ ಬಸ್ಸು ಹತ್ತಿದ್ದು ಒಬ್ಬರೇ, ಸಂಜೀವಯ್ಯ ಎಂಬ ಮುದುಕರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ರೇಣುಕಯ್ಯನವರು ಕೇಳಿದ್ದಕ್ಕೆಲ್ಲ "ಆರೋಗ್ಯವಾಗಿದೀನಪ್ಪ" ಎಂದು ಹೇಳಿ ಹತ್ತಿ ಕೂತರು.

ಇಷ್ಟಾದರೂ ರೇಣುಕಯ್ಯನವರಿಗೆ ತಮ್ಮ ಮೇಲೆ ಅನುಮಾನ ಬರಲಿಲ್ಲ. ಬದಲಿಗೆ, ಲೋಕಕ್ಕೆ ಗೊತ್ತಿಲ್ಲದ ಸತ್ಯವೊಂದು ತಮ್ಮ ಕೈಗೆ ಸಿಕ್ಕಿತೆಂದು ಅವರಿಗೆ ನಿದ್ದೆಯೇ ಬರಲಿಲ್ಲ. ಏಳು ಪುಟದ ವರದಿ ಬರೆದರು. "ಈ ಪ್ರಾಂತ್ಯದ ಜನರಿಗೆ ಸುತ್ತುದಾರಿಯಲ್ಲಿ ಹುಟ್ಟಿನಿಂದ ಬಂದ ಪ್ರೀತಿಯಿದೆ" ಎಂಬ ವಾಕ್ಯವನ್ನು ನನಗೆ ಎರಡು ಸಲ ಓದಿ ಹೇಳಿದರು.

ವಾರದ ನಂತರ ಶಂಕರಲಿಂಗಪ್ಪನವರು ಪಾವಗಡದಿಂದ ಹಿಂದಿರುಗಿದರು. ಲೆಕ್ಕ ನೋಡಿ ಅವರ ಹುಬ್ಬು ಮೇಲೇರಿತು. ಹಲಗೆ ತೆಗೆದು ಎಳೆದರು. ನೇರ ದಾರ ಬಿಗಿ, ಸುತ್ತು ದಾರ ಜೋಲು. ಮತ್ತೆ ಲೆಕ್ಕ ನೋಡಿದರು.

"ಹಲಗೆ ಸುಳ್ಳು ಹೇಳೋದಿಲ್ಲ. ಲೆಕ್ಕ?"

"ಒಬ್ಬೊಬ್ಬರನ್ನೂ ಮೂರು ಮೂರು ಸಲ ಕೇಳಿದೀನಿ ಸಾರ್," ಎಂದರು ರೇಣುಕಯ್ಯನವರು.

"ಹಾಗಾದರೆ ಆ ದಾರಿಯಲ್ಲೇ ಏನೋ ಇದೆ ಕಣ್ರೀ. ಮೈಲಿಗಲ್ಲಿನ ದೂರ ಬೇರೆ, ಮನಸ್ಸಿನ ದೂರ ಬೇರೆ. ಜನರ ಮನಸ್ಸಿಗೆ ಶಿರಾ ದಾರಿ ಉದ್ದ ಆಗಿದೆ."

ನೇರ ದಾರವನ್ನು ಬಿಚ್ಚಿ ಅದಕ್ಕೆ ಹತ್ತು ಮೈಲಿಯ ದಾರ ಗಂಟು ಹಾಕಿ ಎಳೆದರು. ಸುತ್ತು ದಾರ ಬಿಗಿಯಾಗಲಿಲ್ಲ. ಇನ್ನೂ ಹತ್ತು ಹಾಕಿದರು. ಇನ್ನೂ ಹತ್ತು. ನಲವತ್ತು ಮೈಲಿ ಸೇರಿಸಿದ ಮೇಲೆ ಕೊರಟಗೆರೆಯ ದಾರ ಟಣ್ ಎಂದಿತು. ಹಲಗೆಯೂ ಲೆಕ್ಕವೂ ತಾಳೆಯಾದವು. ಅಧಿಕಾರಿಗಳು ಸಂತೋಷದಿಂದ ಮೂಗಿಗೆ ನಶ್ಯ ಏರಿಸಿದರು.

"ಆ ನಲವತ್ತು ಮೈಲಿ ಏನಿರಬಹುದು ಸಾರ್?" ಎಂದು ರೇಣುಕಯ್ಯನವರು ಭಕ್ತಿಯಿಂದ ಕೇಳಿದರು.

"ಏನೋ ಒಂದು ದೊಡ್ಡ ಅಡಚಣೆ. ನಮಗೆ ಕಾಣೋದಿಲ್ಲ, ಜನಕ್ಕೆ ಕಾಣುತ್ತೆ."

ಆ ಅಡಚಣೆ ಕರಿ ಕೋಟು ಹಾಕಿಕೊಂಡು ಅವರ ಎದುರಿಗೇ ಕೈಕಟ್ಟಿ ನಿಂತಿತ್ತು.

ವರದಿಯ ಕೊನೆಗೆ ಶಂಕರಲಿಂಗಪ್ಪನವರು ತಮ್ಮ ಶಿಫಾರಸು ಬರೆದರು: ಮಧುಗಿರಿ–ಶಿರಾ ನೇರ ಬಸ್ಸಿಗೆ ಜನರಿಲ್ಲ, ಜೂನ್ ಒಂದರಿಂದ ಅದನ್ನು ನಿಲ್ಲಿಸತಕ್ಕದ್ದು. ಕೊರಟಗೆರೆಯ ಲೆಕ್ಕ ಮುಗಿಸಿಕೊಂಡು ಹತ್ತು ದಿನಕ್ಕೆ ಬಂದು, ಕಾಗದ ತೆಗೆದುಕೊಂಡು ಬೆಂಗಳೂರಿಗೆ ಹೋಗುತ್ತೇನೆಂದರು.

ಸುದ್ದಿ ಗುಟ್ಟಾಗಿ ಉಳಿಯಲಿಲ್ಲ. ಎರಡನೆಯ ದಿನ ಬೆಳಿಗ್ಗೆ ರೇಣುಕಯ್ಯನವರ ಜಗಲಿಯ ಮುಂದೆ ಬಾಷಾ ಸಾಬ್, ಮುನಿಯಮ್ಮ, ದಾರಿಯ ಹಳ್ಳಿಗಳ ಇಪ್ಪತ್ತು ಮೂವತ್ತು ಜನ.

"ಸ್ವಾಮಿ," ಬಾಷಾ ಸಾಬ್ ದನಿ ಏರಿಸಲಿಲ್ಲ. ಅದೇ ನನಗೆ ಸಂಕಟವಾಯಿತು. "ನೀವು ಬಾಗಿಲು ಬಿಟ್ಟು ಹೋದ ಮಾರನೆ ದಿನದಿಂದ ಬಸ್ಸು ತುಂಬಿ ಹೋಗ್ತಾ ಇದೆ. ನಿಂತ್ಕೊಳ್ಳೋಕೂ ಜಾಗ ಇಲ್ಲ. ಕಾಗದದಲ್ಲಿ ಮಾತ್ರ ಖಾಲಿ. ನನ್ನನ್ನ ಇನ್ನೊಂದು ದಾರಿಗೆ ಹಾಕ್ತಾರೆ, ಹೋಗ್ಲಿ. ದಾರೀಲಿ ಹದಿನಾಲ್ಕು ಹಳ್ಳಿ ಇದಾವೆ. ಬಸುರಿ ಹೆಂಗಸರು, ಜ್ವರ ಬಂದ ಮಕ್ಕಳು, ಎಲ್ಲಾ ಇದೇ ಬಸ್ಸಲ್ಲಿ ಶಿರಾ ಆಸ್ಪತ್ರೆಗೆ ಬರೋರು. ಅವ್ರಿಗೆ ಸುತ್ತುದಾರೀನೂ ಇಲ್ಲ ಸ್ವಾಮಿ. ನಡೀಬೇಕು ಅಷ್ಟೆ."

ಮುನಿಯಮ್ಮ ಗಡಿಗೆ ತೆಗೆದು ಜಗಲಿಯ ಮೇಲೆ ಕುಕ್ಕಿದಳು. "ಮೂರು ದಿನ ಆ ಸುತ್ತು ಬಿಸಿಲ್ನಾಗೆ ಬೆಣ್ಣೆ ತಕ್ಕಂಡೋದೆ. ತುಮ್ಕೂರು ಬರೋ ಹೊತ್ಗೆ ನೀರಾಗೋಗಿತ್ತು. ಮಿಠಾಯಿ ಅಂಗ್ಡಿಯೋನು ಬೆಣ್ಣೆ ತತ್ತಾ ಅಂದ್ರೆ ಎಣ್ಣೆ ತಂದಿದೀಯಲ್ಲಾ ಅಂತ ನಗಾಡ್ದ. ಜೂನಿಂದ ದಿನಾ ಇಂಗೇನಾ?"

ರೇಣುಕಯ್ಯನವರು ಬಾಯಿ ತೆರೆದರು. "ಆದರೆ ನೀವೇ ಅಲ್ಲವಾ ಎದುರು ಬಸ್ಸು ಆರಿಸಿಕೊಂಡದ್ದು? ಸುತ್ತುದಾರಿಯ ಪ್ರೀತಿಯಿಂದ..."

ಒಳಗಿನಿಂದ ಅವರ ಹೆಂಡತಿ ಜಗದಾಂಬ ಹೊರಗೆ ಬಂದರು. ಕೈಯಲ್ಲಿ ಸೌಟು ಇತ್ತು.

"ನಿಮ್ಮ ಕೈ ಹಿಡಿದು ಇಪ್ಪತ್ತು ವರ್ಷ ಆಯ್ತು. ಒಂದು ದಿನವಾದ್ರೂ ನೀವು ಮೆಟ್ಟು ಹಾಕ್ಕೊಳ್ಳೋವಾಗ ಎಲ್ಲಿಗೆ ಅಂತ ಕೇಳಿದೀನಾ? ಕಟ್ಟಿಕೊಂಡ ಹೆಂಡ್ತಿಗೇ ಇಲ್ಲದ ಅಧಿಕಾರ ಆ ಕೋಟಿಗೆ ಬಂತಾ? ಜನ ಓಡಿದ್ದು ಸುತ್ತುದಾರಿಯ ಪ್ರೀತಿಗಲ್ಲ. ನಿಮ್ಮ ಭಯಕ್ಕೆ!"

ಜಗಲಿಯ ಮೇಲೆ ಯಾರೂ ನಗಲಿಲ್ಲ. ರೇಣುಕಯ್ಯನವರು ಒಮ್ಮೆ ಬಾಷಾ ಸಾಬ್ ಮುಖ ನೋಡಿದರು, ಒಮ್ಮೆ ಗಡಿಗೆ ನೋಡಿದರು. ಆಮೇಲೆ ನಿಧಾನವಾಗಿ ಗುಂಡಿ ಬಿಚ್ಚಿ ಕೋಟು ತೆಗೆದು ಗೂಟಕ್ಕೆ ಹಾಕಿದರು. ಅವರ ಕಣ್ಣು ತುಂಬಿತ್ತು. ಅದುವರೆಗೆ ಅವರನ್ನು ಆಡಿಕೊಂಡು ನಕ್ಕಿದ್ದ ನಾನು ಹೋಗಿ ಅವರ ಪಕ್ಕ ನಿಂತೆ.

"ಈಗೇನು ಮಾಡಲಿ ಜಗದಾ? ಕೇಳದೆ ಹೇಗೆ ಲೆಕ್ಕ ಹಾಕಲಿ?"

"ಹೊರಟವರನ್ನ ಕೇಳಬಾರದು. ಬಂದವರನ್ನ ಕೇಳಬಾರದು ಅಂತ ಯಾರು ಹೇಳಿದರು? ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು, ಎಲ್ಲಿಂದ ಬಂದ್ರಿ ಅಂತ ಕೇಳಲ್ವಾ? ಹಂಗೆ ಕೇಳಿ."

ಮಾರನೆ ದಿನ ರೇಣುಕಯ್ಯನವರು ರಜೆ ಹಾಕಿ, ಬಾಯಲ್ಲಿ ನಿಂಬೆಹಣ್ಣಿನ ಹೋಳು ಇಟ್ಟುಕೊಂಡು, ಕಣ್ಣು ಮುಚ್ಚಿ, ಬಾಷಾ ಸಾಬ್ ಬಸ್ಸಿನಲ್ಲಿ ಶಿರಾಕ್ಕೆ ಹೋದರು. ನಾನೂ ಜೊತೆಗೆ ಹೋದೆ. ಅಲ್ಲಿ ಬಾಷಾ ಸಾಬ್ ಹೆಂಡತಿ ಖಾಜಾಬಿ ಒಂದು ಗುಡಾಣ ತಣ್ಣೀರೂ ಒಂದು ತಟ್ಟೆ ಬೆಲ್ಲವೂ ಸಿದ್ಧ ಮಾಡಿ ಬಸ್ಸು ನಿಲ್ಲುವ ಕಡೆ ತಂದಿಟ್ಟಿದ್ದರು. ಇಳಿದವರಿಗೆಲ್ಲ ರೇಣುಕಯ್ಯನವರು ಅಂಗಿತೋಳು ಮಡಿಸಿಕೊಂಡು ತಾವೇ ನೀರು ಕೊಟ್ಟರು.

"ಬಿಸಿಲಲ್ಲಿ ಬಂದಿದೀರಿ, ದಣಿವಾರಿಸ್ಕೊಳ್ಳಿ. ಎಲ್ಲಿಂದ ಬಂದ್ರಿ? ಈ ದಾರೀಲೇ ಯಾಕೆ ಬಂದ್ರಿ?"

ಜನ ಬಾಯಿ ಬಿಟ್ಟರು ನೋಡಿ! ನಿಲ್ಲಿಸುವುದೇ ಕಷ್ಟವಾಯಿತು. ನಿಡುಗಲ್ಲಿನ ಮೂಡಲಗಿರಿಯಪ್ಪ ಎಂಬವರು ತಮಗೆ ಇನ್ನೊಂದು ಕಡೆಯಿಂದ ಶಿರಾ ಹತ್ತಿರವಾದರೂ ಮಧುಗಿರಿಗೆ ಬಂದೇ ಬರುತ್ತಿದ್ದರಂತೆ. ಅಲ್ಲಿ ತಂಗಿಯ ಮನೆ, ಅವಳ ಕೈಯ ಹುಳಿಸೊಪ್ಪು. "ಊಟ ದಾರೀನಾಗೈತೆ ಅಂದ್ರೆ ದಾರಿ ಉದ್ದ ಅನ್ನಿಸ್ತದಾ ಸ್ವಾಮಿ?" ಎಂದು ಅವರೇ ತಿರುಗಿ ಕೇಳಿದರು. ಇನ್ನೊಬ್ಬಾಕೆಗೆ ಮಾವನ ಹೊಲ ಬಲಗಡೆ ಬರುತ್ತಿತ್ತು, ಅವರ ಕಣ್ಣಿಗೆ ಬೀಳಬಾರದೆಂದು ಎಡಗಡೆ ಸೀಟು ಸಿಗದ ದಿನ ಹೋಗುತ್ತಲೇ ಇರಲಿಲ್ಲ. ಒಬ್ಬ ರೈತ ಮಾತ್ರ ತಲೆ ಕೆರೆದುಕೊಂಡು, "ಬಾಷಾ ಸಾಬ್ರು ಕೂಗಿ ಕರೀತಾರೆ ಕಣಪ್ಪ. ಕರೆದಾಗ ಹೋಗ್ದಿದ್ರೆ ಚೆಂದಾಕಿರ್ತದಾ?" ಎಂದ. ರೇಣುಕಯ್ಯನವರು ನಾಲ್ಕು ದಿನದಲ್ಲಿ ಮೂರು ನೋಟುಬುಕ್ಕು ತುಂಬಿಸಿದರು. ದಿನಕ್ಕೆ ಐವತ್ತಕ್ಕೆ ಕಡಿಮೆ ಜನ ಇಳಿದದ್ದೇ ಇಲ್ಲ. ಬಸ್ಸಿನಲ್ಲಿದ್ದದ್ದು ಮೂವತ್ತಾರು ಸೀಟು.

ಶಂಕರಲಿಂಗಪ್ಪನವರು ಹೇಳಿದ ದಿನಕ್ಕೇ ಬಂದರು. ರೇಣುಕಯ್ಯನವರು ಮೂರು ನೋಟುಬುಕ್ಕನ್ನೂ ಮುಂದಿಟ್ಟು, ತಮ್ಮ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದರು.

"ಇಳಿದ ಮೇಲೆ ಕೇಳಿದ್ದಾ?" ಅಧಿಕಾರಿಗಳು ನೋಟುಬುಕ್ಕು ಮುಟ್ಟಲಿಲ್ಲ. "ನಮೂನೇಲಿ ಹತ್ತುವ ಮುನ್ನ ಅಂತ ಇದೆ. ಇದು ಲೆಕ್ಕಕ್ಕೆ ಬರೋದಿಲ್ಲ."

"ಆದರೆ ಸಾರ್, ಅಪಶಕುನ ಅಂತ ಜನ..."

"ಅಪಶಕುನ! ಸಾವಿರದ ಒಂಬೈನೂರ ಅರವತ್ತೆರಡನೇ ಇಸವೀಲಿ! ನನ್ನ ಹಲಗೇಲಿ ಶಕುನಕ್ಕೆ ದಾರ ಇಲ್ಲ ಕಣ್ರೀ. ಮನುಷ್ಯ ಹೋಗೋದು ಮೈಲಿ ನೋಡಿಕೊಂಡು, ಹಲ್ಲಿ ನುಡಿದದ್ದು ನೋಡಿಕೊಂಡಲ್ಲ. ಕೊಡಿ ಆ ವರದಿ, ನನಗೆ ಹೊತ್ತಾಯ್ತು. ನಾಳೆ ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ."

ಬೆಂಗಳೂರಿಗೆ ಹೋಗಲು ಅವರು ಕೊರಟಗೆರೆಯ ಬಸ್ಸನ್ನೇ ಹಿಡಿಯಬೇಕು. ಅದೇ ಹತ್ತಿರದ ದಾರಿ. ಒಂದು ಕಂಕುಳಲ್ಲಿ ಹಲಗೆ, ಇನ್ನೊಂದರಲ್ಲಿ ವರದಿಯ ಕಡತ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದರು. ಹಿಂದೆ ರೇಣುಕಯ್ಯನವರು, ಅವರ ಹಿಂದೆ ನಾನು. ಹುಣಿಸೆ ಮರದ ಕೆಳಗೆ ಬಾಷಾ ಸಾಬ್ ಬಸ್ಸು ತುಂಬುತ್ತಿತ್ತು. ಮುನಿಯಮ್ಮ, ಹಳ್ಳಿಯವರು, ಎಲ್ಲರೂ ಆ ಕಡತವನ್ನೇ ನೋಡುತ್ತಿದ್ದರು. ಅದು ಬಸ್ಸು ಹತ್ತಿ ಹೋದರೆ ಅವರ ಬಸ್ಸು ಹೋಯಿತೆಂದು ಎಲ್ಲರಿಗೂ ಗೊತ್ತಿತ್ತು.

ಶಂಕರಲಿಂಗಪ್ಪನವರು ಕೊರಟಗೆರೆ ಬಸ್ಸಿನ ಮೆಟ್ಟಿಲ ಮೇಲೆ ಬಲಗಾಲಿಟ್ಟರು.

ಆಗ ರೇಣುಕಯ್ಯನವರು ಜೇಬಿನಿಂದ ಉಳಿದಿದ್ದ ಒಂದು ನಮೂನೆ ತೆಗೆದರು. ಉಪಾಯ ಮಾಡಿ ತೆಗೆದರೋ, ನಿಯಮದ ಅಭ್ಯಾಸಬಲದಿಂದ ತೆಗೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವರಿಗೂ ಗೊತ್ತಿಲ್ಲ.

"ಸಾರ್, ಹತ್ತುವ ಯಾರನ್ನೂ ಬಿಡಕೂಡದು ಅಂತ ಇದೆ. ತಾವು ಎಲ್ಲಿಗೆ ಹೋಗುತ್ತೀರಿ?"

ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಅಧಿಕಾರಿಗಳ ಎಡಗಾಲು ನೆಲದ ಮೇಲೇ ಇತ್ತು. ಬಲಗಾಲು ಮೆಟ್ಟಿಲ ಮೇಲೆ. ಅವರು ಒಳಗೆ ನೋಡಿದರು, ಹೊರಗೆ ನೋಡಿದರು. "ರೀ, ನೀವು..." ಎಂದರು. ಮಗಳ ನೆನಪಾಗಿರಬೇಕು. ಆ ಬಲಗಾಲು ಮೆಲ್ಲಗೆ, ತನ್ನಷ್ಟಕ್ಕೆ ತಾನೇ, ಕೆಳಗೆ ಬಂತು.

ಅವರು ಹೋಗಿ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು.

"ಯಾರಾದರೂ ಒಂದು ಲೋಟ ನೀರು ಕೊಡ್ತೀರಾ?" ಎಂದರು.

ಮುನಿಯಮ್ಮ ತನ್ನ ಚೊಂಬು ಕೊಟ್ಟಳು. ಕೊರಟಗೆರೆ ಬಸ್ಸಿನ ಕಂಡಕ್ಟರ್ ಸೀಟಿ ಊದಿ, ಕಾದು, ಅವರ ಕೈಸನ್ನೆ ನೋಡಿ ರೈಟ್ ಎಂದ. ಬಸ್ಸು ಹೋಯಿತು. ಶಂಕರಲಿಂಗಪ್ಪನವರು ಅರ್ಧ ಚೊಂಬು ನೀರು ಕುಡಿದು, ಕೆಳಗಿಟ್ಟು, ಬಹಳ ಹೊತ್ತು ನಿಮ್ಮೂರ ಬೆಟ್ಟ ಎಷ್ಟು ಎತ್ತರ ಎನ್ನುವವರ ಹಾಗೆ ಬೆಟ್ಟದ ಕಡೆ ನೋಡಿದರು. ಜನ ತಮ್ಮ ತಮ್ಮ ಗಂಟುಮೂಟೆ ನೋಡಿಕೊಂಡರು. ಅಷ್ಟು ಮರ್ಯಾದೆ ನಮ್ಮ ಜನಕ್ಕೆ ಗೊತ್ತು.

ಕೊನೆಗೆ ಅವರೇ ಕೇಳಿದರು. "ರೇಣುಕಯ್ಯ, ಇದೇ ದಾರೀಲಿ ಮತ್ತೆ ಹೊರಡೋಕೆ ಮನಸ್ಸಿಲ್ಲ. ಶಿರಾಕ್ಕೆ ಹೋದರೆ ಅಲ್ಲಿಂದ ಬೆಂಗಳೂರಿಗೆ ಬಸ್ಸು ಸಿಗುತ್ತಲ್ಲ?"

"ಸಿಗುತ್ತೆ ಸಾರ್. ಆದರೆ ಅದು ತೀರಾ ಸುತ್ತು. ಜೋಲೋ ದಾರ."

"ನನಗೆ ಗೊತ್ತು ಕಣ್ರೀ!" ಎಂದು ಗದರಿದರು. ಆಮೇಲೆ ಅವರಿಗೇ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಅವರು ನಕ್ಕದ್ದೇ ತಡ ಇಡೀ ಬಸ್ ಸ್ಟ್ಯಾಂಡು ನಕ್ಕಿತು. ಅವರು ಹಲಗೆಯನ್ನು ತೊಡೆಯ ಮೇಲಿಟ್ಟು, ಶಿರಾ ದಾರಿಗೆ ಸೇರಿಸಿದ್ದ ನಲವತ್ತು ಮೈಲಿ ದಾರವನ್ನು ಬಿಚ್ಚಿ ತೆಗೆದರು. ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಮುನಿಯಮ್ಮನ ಕೈಗೆ ಕೊಟ್ಟರು. ಅವಳು ಅದರಿಂದ ಗಡಿಗೆಯ ಬಾಯಿಬಟ್ಟೆ ಬಿಗಿದಳು.

ಬಾಷಾ ಸಾಬ್ ಬಸ್ಸಿನಲ್ಲಿ ಅಧಿಕಾರಿಗಳಿಗೆ ಸೀಟಿರಲಿಲ್ಲ. ಎದ್ದು ಜಾಗ ಕೊಡಲು ಹತ್ತು ಜನ ಮುಂದಾದರು. ಅವರು ಒಪ್ಪದೆ ಕಂಬಿ ಹಿಡಿದು ನಿಂತರು. ಜೊತೆಗೆ ರೇಣುಕಯ್ಯನವರೂ ನಾನೂ ಹತ್ತಿದೆವು. ಚಕ್ರ ಉರುಳಿತು. ಒಂದೊಂದು ಹಳ್ಳಿಯಲ್ಲೂ ಇಳಿದವರು ಒಬ್ಬರಾದರೆ ಹತ್ತಿದವರು ನಾಲ್ವರು. ಕಂಕುಳಲ್ಲಿ ಜ್ವರದ ಮಗು ಎತ್ತಿಕೊಂಡ ಒಬ್ಬಾಕೆ ಹತ್ತಿದಳು. ಕಡಲೆಕಾಯಿ ಮೂಟೆ ಹತ್ತಿತು. ಎರಡು ಹುಂಜ ಹತ್ತಿದವು. ಆರನೆಯ ಹಳ್ಳಿ ದಾಟುವ ಹೊತ್ತಿಗೆ ಶಂಕರಲಿಂಗಪ್ಪನವರ ಒಂದು ಕಾಲಿಗೆ ಮಾತ್ರ ನೆಲ ಸಿಕ್ಕಿತ್ತು.

"ಸಾಹೇಬ್ರೇ, ಖಾಲಿ ಬಸ್ಸು ಹೆಂಗಿದೆ?" ಎಂದು ಬಾಷಾ ಸಾಬ್ ಸ್ಟಿಯರಿಂಗ್ ಬಿಡದೆ ಕೂಗಿದರು.

"ಗಾಡಿ ನೋಡಿಕೊಂಡು ಓಡಿಸ್ರೀ!" ಎಂದರು ಅಧಿಕಾರಿ. ಆಮೇಲೆ ಕಡತ ಬಿಚ್ಚಿ ಶಿಫಾರಸಿನ ಹಾಳೆ ತೆಗೆದರು. "ರೇಣುಕಯ್ಯ, ಸ್ವಲ್ಪ ಬಗ್ಗಿ."

ತಲೆಸುತ್ತಿನಿಂದ ಅರ್ಧ ಪ್ರಾಣವಾಗಿದ್ದ ರೇಣುಕಯ್ಯನವರು ನಿಂಬೆಹೋಳು ಕಚ್ಚಿಕೊಂಡೇ ಬಗ್ಗಿದರು. ಅವರ ಬೆನ್ನೇ ಮೇಜಾಯಿತು. ಅಧಿಕಾರಿಗಳು ಹಾಳೆ ಹರಡಿ, ಪೆನ್ನು ತೆಗೆದು ಗೀಚಿದರು. "ಗುಂಡಿ ಬಂತು, ಹುಷಾರ್!" ಎಂದು ಬಾಷಾ ಸಾಬ್ ಕೂಗಿದಾಗಲೆಲ್ಲ ಅಕ್ಷರಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದವು.

"ಏನ್ ಬರ್ದವ್ರೆ, ಓದ್ರಪ್ಪ ಯಾರಾದ್ರೂ!" ಎಂದು ಮುನಿಯಮ್ಮ ಹಿಂದಿನಿಂದ ಕಿರುಚಿದಳು.

ಹಾಳೆ ತಲೆಗಳ ಮೇಲೆ ಕೈಯಿಂದ ಕೈಗೆ ಬಂದು ನನ್ನನ್ನು ಸೇರಿತು. ಮೇಷ್ಟ್ರ ದನಿಯಲ್ಲಿ ಓದಿದೆ. ನಿಲ್ಲಿಸತಕ್ಕದ್ದು ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಅದರ ಮೇಲೆ, "ಈ ಬಸ್ಸು ಸಾಲದು. ಜೂನ್ ಒಂದರಿಂದ ಈ ದಾರಿಗೆ ಇನ್ನೊಂದು ಬಸ್ಸು ಕೊಡತಕ್ಕದ್ದು. ನಾನೇ ನಿಂತು ನೋಡಿದ್ದೇನೆ" ಎಂದಿತ್ತು.

ಬಸ್ಸಿನಲ್ಲಿ ಎದ್ದ ಕೂಗಿಗೆ ಹುಂಜಗಳೂ ಕೂಗಿದವು. ಬಾಷಾ ಸಾಬ್ ಕಣ್ಣೊರೆಸಿಕೊಳ್ಳಲು ಒಂದು ನಿಮಿಷ ಗಾಡಿ ನಿಲ್ಲಿಸಿದರು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ. ಆ ಎರಡನೆಯ ಬಸ್ಸು ಜೂನ್ ಒಂದಕ್ಕೆ ಬರಲಿಲ್ಲ, ಸರ್ಕಾರವಲ್ಲವೆ, ಹದಿನೇಳಕ್ಕೆ ಬಂತು. ಆದರೆ ಬಂತು.

ಗಲಾಟೆ ಕಡಿಮೆಯಾದ ಮೇಲೆ ನೋಡುತ್ತೇನೆ, ರೇಣುಕಯ್ಯನವರು ಇನ್ನೂ ಬಗ್ಗಿಯೇ ನಿಂತಿದ್ದಾರೆ. ಮುಖ ಬಿಳಿಚಿಕೊಂಡಿದೆ, ಎರಡು ಕೈಯಲ್ಲೂ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದಿದ್ದಾರೆ. ನಾನು ಭುಜ ತಟ್ಟಿ, "ಬರೆದಾಯ್ತು ರೇಣುಕಯ್ಯನವರೇ, ನೆಟ್ಟಗೆ ನಿಂತ್ಕೊಳ್ಳಿ" ಎಂದೆ.

"ಇರಲಿ ಮೇಷ್ಟ್ರೇ," ಎಂದರು ಅವರು, ತಲೆ ಎತ್ತದೆ. "ಪಾವಗಡದ ಕಡೆಗೂ ಒಂದು ಬಸ್ಸು ಬರೆಯೋ ಮನಸ್ಸಾದರೆ ಬರೀಲಿ."